ನಾಲ್ಕು ನಿಮಿಷದ ಕರು

ಕಾಸಿಮೀರ್ ವಿದಾಲೆಂಕ್ ಸಿನಿಮಾ ವ್ಯಾಪಾರದಲ್ಲಿ ನಲವತ್ತು ವರ್ಷ ಸವೆಸಿದ. ಪ್ಯಾರಿಸ್ಸಿನಲ್ಲೂ ಸುತ್ತಮುತ್ತಲೂ ಹದಿನೇಳು ಚಿತ್ರಮಂದಿರ ಮಾಡಿಕೊಂಡ, ಅರವತ್ತಮೂರು ಚಿತ್ರಗಳಿಗೆ ಬಂಡವಾಳ ಹಾಕಿದ. ಆದರೆ ಒಂದೇ ಒಂದು ಚಿತ್ರವನ್ನೂ ಮೊದಲಿಂದ ಕೊನೆಯವರೆಗೆ ಕೂತು ನೋಡಿದವನಲ್ಲ. ಇದನ್ನು ಅವನು ಗುಟ್ಟು ಮಾಡಿದವನೂ ಅಲ್ಲ. ಪತ್ರಿಕೆಯವರು ಯಾರಾದರೂ ಬಂದು ನಿಮ್ಮ ಮೆಚ್ಚಿನ ಚಿತ್ರ ಯಾವುದು ಎಂದು ಕೇಳಿದರೆ, "ನಾನು ಕಲ್ಲಿದ್ದಲು ಮಾರ್ತಿದ್ದಾಗ ನನ್ನ ಮೆಚ್ಚಿನ ಕಲ್ಲಿದ್ದಲು ಯಾವುದು ಅಂತ ಯಾರೂ ಕೇಳ್ಲಿಲ್ಲವಲ್ಲ ಸ್ವಾಮಿ?" ಎನ್ನುತ್ತಿದ್ದ.

ಕಲ್ಲಿದ್ದಲಿನ ಮಾತು ತಮಾಷೆಯದಲ್ಲ. ಕಾಂತಾಲ್ ಬೆಟ್ಟಸೀಮೆಯ ನಮ್ಮ ಜನ ಪ್ಯಾರಿಸ್ಸಿಗೆ ಬಂದರೆ ಮಾಡುವುದು ಎರಡೇ ಕೆಲಸ, ಕಲ್ಲಿದ್ದಲು ಹೊರುವುದು ಮತ್ತು ವೈನ್ ಸುರಿಯುವುದು. ಸ್ವಲ್ಪ ಚುರುಕಿದ್ದವರು ಎರಡನ್ನೂ ಒಂದೇ ಅಂಗಡಿಯಲ್ಲಿ ಮಾಡುತ್ತಾರೆ. ಇನ್ನೂ ಚುರುಕಿದ್ದವರು ಕಲ್ಲಿದ್ದಲು ಬಿಟ್ಟು ಕೆಫೆ ತೆರೆಯುತ್ತಾರೆ. ಸಿನಿಮಾಕ್ಕೆ ಕೈಹಾಕಿದವನು ಕಾಸಿಮೀರ್ ಒಬ್ಬನೇ. ಊರಿನವರು ಅದನ್ನು ಚುರುಕುತನ ಎನ್ನಬೇಕೋ ತಲೆಕೆಟ್ಟಿದೆ ಎನ್ನಬೇಕೋ ಎಂದು ಬಹಳ ವರ್ಷ ತೀರ್ಮಾನಿಸಿರಲಿಲ್ಲ.

ಅವನು ಹದಿನೈದನೆಯ ವಯಸ್ಸಿನಲ್ಲಿ ಬಂದು ಪ್ಯಾರಿಸ್ಸಿನ ಬಸ್ತಿಯ್ ಬಡಾವಣೆಯಲ್ಲಿ ಸೋದರಮಾವನ ಅಂಗಡಿ ಸೇರಿದ. ಮಾವನ ದೊಡ್ಡ ಗಿರಾಕಿ ಎಂದರೆ ಪಕ್ಕದ ಬೀದಿಯ ಚಿತ್ರಮಂದಿರ. ಅದರ ನೆಲಮಾಳಿಗೆಯಲ್ಲಿ ಆನೆಯಷ್ಟು ದೊಡ್ಡ ಬಾಯ್ಲರ್. ಅದಕ್ಕೆ ಕಲ್ಲಿದ್ದಲು ತಿನ್ನಿಸಿ ಮೇಲೆ ಕೂತವರ ಬೆನ್ನು ಬೆಚ್ಚಗಿಡುವುದು ಕಾಸಿಮೀರನ ಕೆಲಸವಾಯಿತು. ಹೀಗೆ ಅವನಿಗೆ ಸಿನಿಮಾದ ಪರಿಚಯವಾದದ್ದು ಕೆಳಗಿನಿಂದ. ತಲೆಯ ಮೇಲೆ ಹಲಗೆಯ ನೆಲ, ನೆಲದ ಮೇಲೆ ನಾನೂರು ಜೊತೆ ಕಾಲು. ನಗು ಬಂದರೆ ಕಾಲುಗಳು ನೆಲವನ್ನು ಕುಟ್ಟುತ್ತವೆ. ಬೇಸರವಾದರೆ ಹಿಮ್ಮಡಿಗಳು ಸರಸರ ಉಜ್ಜುತ್ತವೆ. ನಾಯಕಿ ಸಾಯುವಾಗ ಏನೂ ಕೇಳಿಸುವುದಿಲ್ಲ. ಜನ ನಿದ್ದೆ ಹೋದರೂ ಏನೂ ಕೇಳಿಸುವುದಿಲ್ಲ, ಅದೊಂದೇ ತೊಡಕು. ಆದರೂ ಎರಡು ಚಳಿಗಾಲ ಕಳೆಯುವುದರೊಳಗೆ, ಯಾವ ಚಿತ್ರ ಓಡುತ್ತದೆ, ಯಾವುದು ಮಲಗುತ್ತದೆ ಎಂಬುದನ್ನು ಮಾಲೀಕನಿಗಿಂತ ಮೊದಲು ಮಸಿ ಮೆತ್ತಿದ ಈ ಹುಡುಗ ಹೇಳುತ್ತಿದ್ದ.

ಲೆಯೋಂತಿನ್ ಸಿಕ್ಕಿದ್ದೂ ಆ ಬಾಯ್ಲರ್ ಮುಂದೆಯೇ. ಅವಳು ಕತ್ತಲಲ್ಲಿ ಟಾರ್ಚ್ ಹಿಡಿದು ಜನರನ್ನು ಕುರ್ಚಿಗೆ ಕೂರಿಸುವವಳು. ಪ್ರತಿ ಆಟದಲ್ಲೂ ಮೊದಲ ಹತ್ತು ನಿಮಿಷ ಮುಗಿದ ಮೇಲೆ ಕಾಲು ಕಾಯಿಸಿಕೊಳ್ಳಲು ಕೆಳಗಿಳಿದು ಬರುತ್ತಿದ್ದಳು. ಹಾಗಾಗಿ ಅವಳಿಗೆ ಎಲ್ಲ ಚಿತ್ರಗಳ ಆರಂಭ ಮಾತ್ರ ಗೊತ್ತು.

"ಅವ್ನು ಅವ್ಳನ್ನ ಮದ್ವೆ ಆಗ್ತಾನಾ?" ಎಂದು ಕಾಸಿಮೀರ್ ಕೇಳುವನು.

"ನಂಗೇನ್ ಗೊತ್ತು? ಅವ್ರಿಬ್ರೂ ಆಗಷ್ಟೇ ರೈಲ್ ಹತ್ತಿದ್ರು, ನಾನ್ ಇಳ್ದು ಬಂದೆ."

"ಮತ್ತೆ ನಾನು ನಿನ್ನ ಮದ್ವೆ ಆಗ್ಲಾ?"

"ಮೊದ್ಲು ಮುಖ ತೊಳ್ಕೊಂಡ್ ಬಾ, ಯಾರು ಕೇಳ್ತಿರೋದು ಅಂತ ನೋಡೋಣ."

ಮುಖ ತೊಳೆದುಕೊಂಡು ಹೋದ. ಮದುವೆಯಾಯಿತು. ಮಾತಾಡುವ ಚಿತ್ರಗಳು ಬಂದ ಕಾಲಕ್ಕೆ ಮಾಲೀಕ ಈ ಗದ್ದಲ ಹಿಡಿಸದೆ ಮೀನು ಹಿಡಿಯಲು ಹಳ್ಳಿಗೆ ಹೊರಟುಹೋದ. ಕಾಸಿಮೀರನೂ ಮಾವನೂ ಸೇರಿ ಮಂದಿರ ಕೊಂಡರು. ನಮ್ಮ ಬೆಟ್ಟದ ಹಳದಿ ಹೂವಿನ ಹೆಸರನ್ನು ಅದಕ್ಕಿಟ್ಟರು, ಜಾಂಸ್ಯಾನ್. ಟಾರ್ಚ್ ಹಿಡಿಯಲು ಅತ್ತೆಯ ಮಗಳು, ಬಾಗಿಲಿಗೆ ಚಿಕ್ಕಪ್ಪನ ಮಗ, ಬಾಯ್ಲರಿಗೆ ಷಡ್ಡಕ. ಯುದ್ಧ ಮುಗಿದ ಮೇಲೆ ಅವನು ಚಿತ್ರಗಳನ್ನೂ ತಯಾರಿಸತೊಡಗಿದ. ಅವನ ಚಿತ್ರಗಳಲ್ಲಿ ಪೊಲೀಸರು ಹೊಂಡಕ್ಕೆ ಬೀಳುತ್ತಾರೆ, ಮೇಯರನ ಚಡ್ಡಿ ಜಾರುತ್ತದೆ, ಪಾದ್ರಿಯ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ. ವಿಮರ್ಶಕರು ಹಲ್ಲು ಕಡಿದರು. ಜನ ನೆಲ ಕುಟ್ಟಿದರು. ಅರವತ್ತು ದಾಟುವ ಹೊತ್ತಿಗೆ ಅವನಿಗೆ ಶ್ರೀಮಂತರ ಬಡಾವಣೆ ನ್ಯೂಯಿಯಲ್ಲಿ ತೋಟದ ಮನೆ ಇತ್ತು, ಹಡಗಿನಂಥ ಕಾರಿತ್ತು. ಕಾರಿನ ಡಿಕ್ಕಿಯಲ್ಲಿ ಊರಿನಿಂದ ತಂದ ಆಲೂಗಡ್ಡೆ ಮೂಟೆ ಇತ್ತು, ಪ್ಯಾರಿಸ್ಸಿನ ಆಲೂಗಡ್ಡೆಯ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಲೆಯೋಂತಿನ್ ಮಾತ್ರ ಪ್ರತಿ ಬುಧವಾರ ಬಸ್ತಿಯ್‌ನ ಜಾಂಸ್ಯಾನ್ ಮಂದಿರದ ಟಿಕೆಟ್ ಕಿಟಕಿಯಲ್ಲಿ ತಾನೇ ಕೂರುತ್ತಿದ್ದಳು. ಅಲ್ಲಿ ಗಾಳಿ ಕೊರೆಯುತ್ತದೆಂದು ಗಂಡ ಕೊಡಿಸಿದ ಮಿಂಕ್ ತುಪ್ಪಳದ ಕೋಟು ಹಾಕಿಕೊಂಡು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು.

ಬುಧವಾರವೇ ಏಕೆಂದರೆ, ನಮ್ಮಲ್ಲಿ ಹೊಸ ಚಿತ್ರ ಬಿಡುಗಡೆಯಾಗುವುದು ಬುಧವಾರ. ಆ ದಿನ ಮಧ್ಯಾಹ್ನ ಎರಡರ ಆಟದ ಹೊತ್ತಿಗೆ ಪ್ಯಾರಿಸ್ಸಿನ ನಿರ್ಮಾಪಕರೆಲ್ಲ ಕಾರಿನಲ್ಲಿ ಕೂತು, ಬೀದಿಯಿಂದ ಬೀದಿಗೆ ಸುತ್ತಿ, ಸಾಲಿನಲ್ಲಿ ನಿಂತವರ ತಲೆ ಎಣಿಸುತ್ತಾರೆ. ಕಾಸಿಮೀರ್ ಎಣಿಸುತ್ತಿರಲಿಲ್ಲ. ಅವನು ಬಾಯ್ಲರ್ ಕೋಣೆಗೆ ಇಳಿದು, ಅಲ್ಲಿದ್ದ ಹುಲ್ಲಿನ ಕುರ್ಚಿಯಲ್ಲಿ ಕೂತು, ಕತ್ತು ಮೇಲೆತ್ತಿ ಕಿವಿಗೊಡುತ್ತಿದ್ದ.

ಅವನ ಸಂಸ್ಥಾನದಲ್ಲಿ ಎರಡೇ ಕಾನೂನು. ಚಿತ್ರ ಒಂದು ಗಂಟೆ ನಲವತ್ತೈದು ನಿಮಿಷ ಮೀರಬಾರದು; ಮೀರಿದರೆ ದಿನಕ್ಕೆ ಐದರ ಬದಲು ನಾಲ್ಕೇ ಆಟ. ಮತ್ತೆ, ಬುಧವಾರದಿಂದ ಭಾನುವಾರದೊಳಗೆ ಬಸ್ತಿಯ್ ಮಂದಿರಕ್ಕೆ ಸಾವಿರದೈನೂರು ಜನ ಬಾರದ ಚಿತ್ರವನ್ನು ಸೋಮವಾರ ಬೆಳಿಗ್ಗೆ ಪಟ್ಟಿಯಿಂದ ಹೊಡೆದುಹಾಕಬೇಕು. ಹೊಡೆಯುವವನು ಕಾಸಿಮೀರನೇ, ಕೆಂಪು ಪೆನ್ಸಿಲಿನಲ್ಲಿ. ಅಳುವವರಿಗೆಂದು ಎದುರಿನ ಕೆಫೆಯಲ್ಲಿ ಒಂದು ಲೋಟ ವೈನ್ ಅವನ ಖರ್ಚಿನಲ್ಲೇ ಇರುತ್ತಿತ್ತು.

ಹೀಗಿರುವಾಗ ಎಪ್ಪತ್ತಮೂರರ ಶರತ್ಕಾಲದಲ್ಲಿ ಲೊಯಿಕ್ ಎಂಬ, ಕಡಲ ತೀರದ ಬ್ರೆತಾಞ್ ಸೀಮೆಯ ತರುಣ ನಿರ್ದೇಶಕ ಬಂದು ಅವನ ಮೇಜಿನ ಮುಂದೆ ನಿಂತ. ಪಕ್ಕದಲ್ಲಿ ಕಾಸಿಮೀರನ ದಾಯಾದಿ, ಮಂದಿರಗಳ ಮೇಲ್ವಿಚಾರಕ ಬುನಿಯೋಲ್ ಇದ್ದ.

"ನಾನು ಚಿತ್ರಕತೆ ಓದೋದಿಲ್ಲ. ಒಂದೇ ಉಸಿರಿಗೆ ಕತೆ ಹೇಳು," ಎಂದ ಕಾಸಿಮೀರ್.

"ಒಬ್ಬ ಮುದುಕ ಚೀಸ್ ಮಾಡ್ತಾನೆ ಸಾರ್."

"ಆಮೇಲೆ?"

"ಚೀಸ್ ಆಗುತ್ತೆ."

ಬುನಿಯೋಲ್ ಕೆಮ್ಮಿದ. "ಚಡ್ಡಿ ಯಾರ್ದು ಜಾರುತ್ತಪ್ಪಾ?"

"ಯಾರ್ದೂ ಇಲ್ಲ."

"ಹೋಗ್ಲಿ, ಹೊಂಡ ಏನಾದ್ರೂ ಇದೆಯಾ?"

"ಹೊಂಡ ಇಲ್ಲ ಸಾರ್. ನಿಮ್ಮ ಕಾಂತಾಲಿನಲ್ಲೇ, ಸಾಲೇರ್ ಊರಿನ ಮೇಲಿನ ಹುಲ್ಲುಗಾವಲು, ಒಂದು ಕಲ್ಲಿನ ಗುಡಿಸಲು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಆ ಮುದುಕ, ಅವನ ಹಸುಗಳು, ಅಷ್ಟೇ."

ಕಾಸಿಮೀರ್ ಪೆನ್ಸಿಲನ್ನು ಮೇಜಿನ ಮೇಲೆ ಅತ್ತಿತ್ತ ಉರುಳಿಸಿದ. ಆಮೇಲೆ, "ಕೂತ್ಕೊ," ಎಂದ. ಅರವತ್ತಮೂರು ಚಿತ್ರಗಳಲ್ಲಿ ಯಾವ ನಿರ್ದೇಶಕನಿಗೂ ಅವನು ಕುರ್ಚಿ ತೋರಿಸಿರಲಿಲ್ಲ. ಬುನಿಯೋಲ್ ಗಾಬರಿಯಾಗಿ ತಾನೂ ಕೂತ.

ವಿಷಯ ಏನೆಂದರೆ, ಕಾಸಿಮೀರನ ಅಪ್ಪ ಮೂವತ್ತೊಂದು ಬೇಸಿಗೆ ಅಂಥದೇ ಗುಡಿಸಲಿನಲ್ಲಿ ಹಸು ಕರೆದು ಚೀಸ್ ಕಟ್ಟಿದವನು. ಸತ್ತಾಗ ಅವನದೊಂದು ಫೋಟೊ ಕೂಡ ಇರಲಿಲ್ಲ. ಮಗನೋ ಅರವತ್ತಮೂರು ಸಲ ದುಡ್ಡು ಕೊಟ್ಟು ಬೇರೆಯವರ ಚಿತ್ರ ಹಿಡಿಸಿದವನು. "ನಮ್ಮಪ್ಪ ಮಾಡಿದ್ ಕೆಲ್ಸ ಒಂದ್ಸಲ ನಮ್ಮ ಬೀದೀಲಿ, ನಮ್ಮ ಜನದ ಮುಂದೆ ಆಡ್ಬೇಕು ಕಣೇ," ಎಂದು ಆ ಸಂಜೆ ಹೆಂಡತಿಗೆ ಹೇಳಿದ. "ಒಂದು ವಾರ ಆಡಿ ಹೋಗೋದಲ್ಲ. ನಿಂತು ಆಡ್ಬೇಕು."

"ನಿಮ್ಮಪ್ಪ ಸಿನಿಮಾ ಅಂದ್ರೆ ಮೈಲಿ ದೂರ ಓಡ್ತಿದ್ರು," ಎಂದಳು ಲೆಯೋಂತಿನ್.

"ನಾನೇನು ಹತ್ರ ಹೋಗಿದೀನಾ?"

ಮರುವರ್ಷ ಬೇಸಿಗೆಯಲ್ಲಿ ಚಿತ್ರೀಕರಣ. ಚಿತ್ರೀಕರಣಕ್ಕೆ ಎಂದೂ ತಲೆಹಾಕದ ಧಣಿ ಎರಡನೆಯ ದಿನವೇ ಬೆಟ್ಟ ಹತ್ತಿದ. ಮುದುಕನ ಪಾತ್ರಕ್ಕೆ ಲಿಯೋಂ ನಗರದಿಂದ ನಾಟಕದವನೊಬ್ಬ ಬಂದಿದ್ದ. ಗಡ್ಡ ಚೆನ್ನಾಗಿತ್ತು, ಕೈ ಮಾತ್ರ ಬೆಣ್ಣೆ. ಚೀಸಿನ ಮುದ್ದೆಯನ್ನು ಹಲಗೆಯ ಮೇಲೆ ಮೊಣಕಾಲೂರಿ ಹಿಂಡುವುದು ನಮ್ಮಲ್ಲಿಯ ಪದ್ಧತಿ. ಆ ಮನುಷ್ಯ ಅದನ್ನು ಕೈಕೂಸಿನ ಹಾಗೆ ತಟ್ಟುತ್ತಿದ್ದ. ಕಾಸಿಮೀರ್ ಕಾಲು ಗಂಟೆ ಸಹಿಸಿದ. ಆಮೇಲೆ ಕೋಟು ಬಿಚ್ಚಿ, ರೇಷ್ಮೆ ಟೈಯನ್ನು ಬಾಯಲ್ಲಿ ಕಚ್ಚಿ, ಪ್ಯಾಂಟು ಮಡಚಿ ಮುದ್ದೆಯ ಮೇಲೆ ಹತ್ತಿ ಕೂತ. ಲೊಯಿಕ್ ಕ್ಯಾಮೆರಾದವನಿಗೆ ಕಣ್ಣುಸನ್ನೆ ಮಾಡಿದ. ಹೀಗೆ ಚಿತ್ರದಲ್ಲಿ ಮುಖ ಲಿಯೋಂದು, ಮೊಣಕಾಲು ವಿದಾಲೆಂಕ್ ಮನೆತನದ್ದು. ನಾಲ್ಕು ದಿನ ಧಣಿ ಹಾಸಿಗೆಯಿಂದ ಏಳಲಿಲ್ಲ.

ಚಿತ್ರ ಸಿದ್ಧವಾಯಿತು. ಸಂಕಲನಕಾರ್ತಿ ಸೊಲಾಂಜ್ ಫೋನು ಮಾಡಿದಳು. ಪ್ಯಾರಿಸ್ಸಿನಲ್ಲೇ ಹುಟ್ಟಿ ಬೆಳೆದ ಅಚ್ಚುಕಟ್ಟಿನ ಹೆಂಗಸು. ಹಾಲು ಬಾಟಲಿಯಿಂದ ಬರುತ್ತದೆ ಎಂಬುದರಾಚೆ ಯೋಚಿಸಿದವಳಲ್ಲ.

"ಒಂದು ಗಂಟೆ ನಲವತ್ತೊಂಬತ್ತು ನಿಮಿಷ ಬಂದಿದೆ ಯಜಮಾನ್ರೇ."

"ನಾಲ್ಕು ನಿಮಿಷ ಕತ್ತರ್ಸಿ."

"ಎಲ್ಲಿ?"

"ಯಾರೂ ಮಾತಾಡದೇ ಇರೋ ಕಡೆ."

"ಇಡೀ ಚಿತ್ರದಲ್ಲಿ ಯಾರೂ ಮಾತಾಡಲ್ಲವಲ್ಲ!"

"ಹಾಗಾದ್ರೆ ಒಳ್ಳೇದೇ ಆಯ್ತು, ಎಲ್ಲಾದ್ರೂ ಕತ್ತರ್ಸಿ."

ಸೊಲಾಂಜ್ ಹುಡುಕಿದಳು. ಹಾಲು ಕರೆಯುವುದಕ್ಕೆ ಮುಂಚೆ ಒಂದು ಕರುವನ್ನು ಎಳೆದು ತರುತ್ತಾರೆ, ಅದು ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಎಳೆದು ತಾಯಿಯ ಮುಂಗಾಲಿಗೆ ಕಟ್ಟುತ್ತಾರೆ, ಬೆನ್ನಿಗೆ ಉಪ್ಪು ಉದುರಿಸುತ್ತಾರೆ, ತಾಯಿ ನೆಕ್ಕುತ್ತದೆ. ಪಾಪ, ನೋಡುವುದಕ್ಕೂ ಕಷ್ಟ. ಸರಿಯಾಗಿ ನಾಲ್ಕು ನಿಮಿಷ. ಕತ್ತರಿಸಿ ಡಬ್ಬಿಗೆ ಹಾಕಿದಳು. ಲೊಯಿಕ್ ಸ್ವಲ್ಪ ಮುಖ ಸಣ್ಣ ಮಾಡಿದ, ಆದರೆ ತಡೆಯಲಿಲ್ಲ. ಅವನ ಊರಿನ ಹಸುಗಳು ಕರು ಇದ್ದರೂ ಇಲ್ಲದಿದ್ದರೂ ಯಾರು ಕೂತರೆ ಅವರಿಗೆ ಹಾಲು ಕೊಡುವ ಸಾಧುಗಳು.

ನವೆಂಬರಿನ ಬುಧವಾರ ಬಂತು. ಊರಿನವರ ಸಂಘ ಡಂಗುರ ಹೊಡೆದಿತ್ತು. ಎಂದೂ ಮುಚ್ಚದ ನಮ್ಮವರ ಕೆಫೆಗಳು ಮಧ್ಯಾಹ್ನ ಎರಡು ಗಂಟೆಗಳ ಮಟ್ಟಿಗೆ ಬಾಗಿಲೆಳೆದುಕೊಂಡವು. ಭಾನುವಾರದ ಟೋಪಿ ಹಾಕಿದ ಗಂಡಸರು, ಚರ್ಚಿನ ಬ್ರೂಚ್ ಚುಚ್ಚಿಕೊಂಡ ಹೆಂಗಸರು, ಎಲ್ಲರ ಮುಂದೆ ಕೋಲೂರಿಕೊಂಡು ಅಲ್ರಿಕ್ ತಾತ. ಮೂವತ್ತು ಬೇಸಿಗೆ ಬೆಟ್ಟದಲ್ಲಿ ಕಳೆದು, ಈಗ ಮಗನ ಕೆಫೆಯ ಮೂಲೆಯಲ್ಲಿ ಕೂತು ಬಂದವರ ಚೀಸಿಗೆ ಹೆಸರಿಡುತ್ತಿದ್ದ ಮನುಷ್ಯ. ನಾನೂರು ಕುರ್ಚಿಯೂ ಭರ್ತಿ. ಕಾಸಿಮೀರ್ ಕೆಳಗಿಳಿದು ಹುಲ್ಲಿನ ಕುರ್ಚಿಯಲ್ಲಿ ಕೂತ.

ಮೊದಲ ಇಪ್ಪತ್ತು ನಿಮಿಷ ನಿಶ್ಶಬ್ದ. ನಿದ್ದೆಯೋ, ತಲ್ಲೀನತೆಯೋ? ಆಮೇಲೆ ಒಂದು ಕೋಲು ನೆಲಕ್ಕೆ ಬಡಿಯಿತು. ಅದರ ಹಿಂದೆ ನಾಲ್ಕು ಕಾಲು, ಹತ್ತು ಕಾಲು, ಇನ್ನೂರು ಕಾಲು. ನೆಲದ ಹಲಗೆಯಿಂದ ಮೂವತ್ತು ವರ್ಷದ ಧೂಳು ಅವನ ಬೋಳುತಲೆಯ ಮೇಲೆ ಉದುರಿತು. ಇಷ್ಟು ಜೋರಾಗಿ ಮೇಯರನ ಚಡ್ಡಿಗೂ ಜನ ಕುಟ್ಟಿರಲಿಲ್ಲ! ಕಾಸಿಮೀರ್ ಕುರ್ಚಿಯಿಂದ ನೆಗೆದ. "ಅಪ್ಪಾ, ಗೆದ್ದೆ ಕಣೋ!" ಎಂದು ಬಾಯ್ಲರಿಗೆ ಹೇಳಿದ. ತಲೆಯ ಧೂಳು ಕೂಡ ಕೊಡವದೆ ಮೆಟ್ಟಿಲು ಹತ್ತಿ, ಅಭಿನಂದನೆ ಸ್ವೀಕರಿಸಲು ಎರಡೂ ಕೈ ಚಾಚಿಕೊಂಡೇ ಬಾಗಿಲಿಗೆ ಬಂದ.

ಬಾಗಿಲಿನಿಂದ ಮೊದಲು ಹೊರಬಂದದ್ದು ಅಲ್ರಿಕ್ ತಾತನ ಕೋಲು.

"ಕರು ಎಲ್ಲಯ್ಯಾ?"

"ಯಾವ ಕರು ತಾತ?"

"ಯಾವ ಕರು ಅಂತೆ! ಆ ಗಡ್ಡದೋನು ಹೋಗ್ತಾನೆ, ಕೂರ್ತಾನೆ, ಕರೀತಾನೆ. ಹಾಲು ಜೊರ್ರಂತ ಬರುತ್ತೆ! ಸಾಲೇರ್ ಹಸು ಕರು ಬಾಯಿ ಹಾಕ್ದೆ ಒಂದು ತೊಟ್ಟು ಇಳಿಸಿದ್ದು ನಿಮ್ಮಪ್ಪನ ಕಾಲದಲ್ಲಿ ಇತ್ತಾ? ನಮ್ಮಪ್ಪನ ಕಾಲದಲ್ಲಿ ಇತ್ತಾ?"

"ಕರು ಇತ್ತು ತಾತ, ನಾನೇ ನೋಡ್ದೆ, ಬೆಟ್ಟದಲ್ಲಿ..."

"ಎಲ್ಲಿತ್ತು? ನಿನ್ ಜೇಬಲ್ಲಿತ್ತಾ?"

ಹಿಂದಿನಿಂದ ಬ್ರೂಚಿನ ಹೆಂಗಸೊಬ್ಬಳು, "ಹಸು ಕೆಚ್ಚಲಿಗೆ ನಲ್ಲಿ ಹಾಕ್ಸಿದಾರೆ ಬಿಡಿ, ಶ್ರೀಮಂತ್ರಲ್ವಾ!" ಎಂದಳು. ಎಲ್ಲರೂ ನಕ್ಕರು. ನಗುನಗುತ್ತಲೇ ಎಲ್ಲರೂ ಮನೆಗೆ ಹೋದರು. ಚಿತ್ರ ಮುಗಿಯಲು ಇನ್ನೂ ಒಂದೂಕಾಲು ಗಂಟೆ ಇತ್ತು.

ಸೊಲಾಂಜಳ ಡಬ್ಬಿಯ ವಿಷಯ ಆ ಸಂಜೆ ತಿಳಿಯಿತು. ಬೈಯಲು ಕಾಸಿಮೀರನಿಗೆ ಯಾರೂ ಸಿಕ್ಕಲಿಲ್ಲ. ಎಲ್ಲಾದರೂ ಕತ್ತರಿಸಿ ಎಂದವನು ತಾನೇ. ನೋಡದೆ ಒಪ್ಪಿದವನೂ ತಾನೇ. ಕನ್ನಡಿಯ ಮುಂದೆ ನಿಂತು ಬೈದುಕೊಳ್ಳೋಣವೆಂದರೆ ಲೆಯೋಂತಿನ್ ಅಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು.

ಗುರುವಾರ ಎರಡರ ಆಟಕ್ಕೇ ಮಂದಿರ ಮುಕ್ಕಾಲು ಖಾಲಿ. ಶುಕ್ರವಾರ ಹಿಂದಿನ ಎರಡು ಸಾಲು ಮಾತ್ರ ಭರ್ತಿ. ಪ್ಯಾರಿಸ್ಸಿನವರು ಕೆಲವರು ಬಂದರು, ಬೆಚ್ಚಗಿದೆಯೆಂದು ಮಲಗಿದರು. ನಮ್ಮವರಂತೂ ಒಬ್ಬರೂ ಇಲ್ಲ. ಪ್ಯಾರಿಸ್ಸಿನಲ್ಲಿ ನಮ್ಮವರ ಕೆಫೆ ಇಲ್ಲದ ಬೀದಿ ಇಲ್ಲ. ಒಂದು ಕೌಂಟರಿನ ಮಾತು ಇನ್ನೊಂದು ಕೌಂಟರಿಗೆ ಹೋಗಲು ಕಾಫಿ ಆರುವಷ್ಟು ಹೊತ್ತೂ ಬೇಡ. ಶನಿವಾರದ ಹೊತ್ತಿಗೆ ಅದೊಂದು ಗಾದೆಯ ಮಟ್ಟಕ್ಕೆ ಬೆಳೆದಿತ್ತು. ಗಿರಾಕಿ ಏನೂ ಕುಡಿಯದೆ ಬರೀ ಪತ್ರಿಕೆ ಓದಿ ಎದ್ದರೆ, "ಏನಣ್ಣ, ಕಾಸಿಮೀರನ ಹಾಗೆ ಕರು ಇಲ್ದೆ ಹಾಲು ಕರ್ಕೊಂಡು ಹೊರಟ್ಯಾ?" ಎನ್ನುತ್ತಿದ್ದರು. ಕಾಸಿಮೀರ್ ಎರಡು ಕೆಫೆಗಳಲ್ಲಿ ಸ್ವಂತ ಕಿವಿಯಿಂದ ಕೇಳಿದ. ಎರಡನೆಯ ಕಡೆ ನಗಲು ಪ್ರಯತ್ನಿಸಿ ಕಾಫಿ ಕೋಟಿನ ಮೇಲೆ ಚೆಲ್ಲಿಕೊಂಡ.

ಶನಿವಾರ ಸಂಜೆಗೆ ಬಂದವರು ಒಂಬೈನೂರು. ಭಾನುವಾರ ಒಂದೇ ದಿನ ಬಾಕಿ.

"ಡಬ್ಬಿ ಇದೆಯಾ?" ಎಂದು ಸೊಲಾಂಜಳಿಗೆ ಫೋನು ಮಾಡಿದ.

"ನಾನೇನೂ ಎಸೆಯಲ್ಲ ಯಜಮಾನ್ರೇ. ಆ ಕರುವಿನ ಮುಖ ನೋಡಿ ಎಸೆಯೋಕೆ ಮನಸ್ಸೂ ಬರ್ಲಿಲ್ಲ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವಳು ಕತ್ತರಿ, ಅಂಟುಪಟ್ಟಿ, ಡಬ್ಬಿ ಹಿಡಿದು ಬಸ್ತಿಯ್ ಮಂದಿರದಲ್ಲಿ ಚಿತ್ರ ಓಡಿಸುವ ಯಂತ್ರದ ಕೋಣೆಗೆ ಬಂದಳು. ಬುನಿಯೋಲ್ ಬಾಗಿಲಲ್ಲಿ ನಿಂತು ಕೈ ಹೊಸೆದ.

"ಅಣ್ಣ, ಒಂದು ನಲವತ್ತೊಂಬತ್ತಾಗುತ್ತೆ. ಒಂದಾಟ ಹೋಗುತ್ತೆ. ಐದು ಆಟ ಇದ್ದೇ ಜನ ಸಾಲ್ತಿಲ್ಲ, ನಾಲ್ಕಕ್ಕೆ ಸಾಲ್ತದಾ?"

"ಕರು ಇಲ್ದೆ ಐದಾಟ ಬೇಡ. ಕರು ಇದ್ದು ನಾಲ್ಕು ಸಾಕು."

"ಕಾನೂನು ನಿಮ್ದೇ..."

"ಅದ್ಕೇ ಒಂದಾಟ ಕಳೀತಿದೀನಲ್ಲೋ! ಮುರೀತಿಲ್ವಲ್ಲ!"

ಲೆಯೋಂತಿನ್ ಈ ವಾದಕ್ಕೆ ಕಿವಿಗೊಡದೆ ಕೆಳಗೆ ಟಿಕೆಟ್ ಕಿಟಕಿಗೆ ಹೋಗಿ ಒಂದೇ ಒಂದು ಫೋನು ಮಾಡಿದಳು, ಅಲ್ರಿಕ್ ತಾತನ ಮಗನ ಕೆಫೆಗೆ. "ಕರು ಸಿಕ್ತಂತೆ ಅಂತ ನಿಮ್ಮಪ್ಪಂಗೆ ಹೇಳಪ್ಪ," ಎಂದಷ್ಟೇ ಹೇಳಿ ಇಟ್ಟಳು. ಭಾನುವಾರ ಬೆಳಿಗ್ಗೆ ನಮ್ಮ ಜನ ಪೂಜೆ ಮುಗಿಸಿ ಕೆಫೆಗಳಲ್ಲಿ ತ್ರಿಪೂ ತಿನ್ನುವ ಹೊತ್ತು. ಕುರಿಯ ಹೊಟ್ಟೆಯನ್ನು ಸಣ್ಣ ಗಂಟು ಕಟ್ಟಿ ಬೇಯಿಸಿದ ಆ ಖಾದ್ಯದ ಮುಂದೆ ನಮ್ಮವರು ಬಾಯಿ ಮುಚ್ಚಿಕೊಂಡು ಇದ್ದದ್ದೇ ಇಲ್ಲ. ಹತ್ತು ಗಂಟೆಗೆ ಬಸ್ತಿಯ್, ಹತ್ತೂ ಕಾಲಿಗೆ ಮೊಂಪಾರ್ನಾಸ್, ಹತ್ತೂವರೆಗೆ ಊರ ಹೊರಗಿನ ಕೆಫೆಗಳವರೆಗೆ ಸುದ್ದಿ ಮುಟ್ಟಿತು. ಕರು ಸಿಕ್ಕಿದೆ. ಎಲ್ಲಿತ್ತಂತೆ? ಡಬ್ಬಿಯಲ್ಲಿತ್ತಂತೆ. ಯಾರು ಹಾಕಿದ್ದಂತೆ? ಪ್ಯಾರಿಸ್ಸಿನ ಹೆಂಗಸಂತೆ. ಹಾಗೆ ಹೇಳಿ ಮತ್ತೆ!

ಎರಡರ ಆಟಕ್ಕೆ ಸಾಲು ಬೀದಿ ತಿರುವಿನಾಚೆಗೆ ಹೋಯಿತು.

ಕಾಸಿಮೀರ್ ಕೆಳಗಿಳಿದು ಕೂತ. ಇಪ್ಪತ್ತು ನಿಮಿಷ, ಇಪ್ಪತ್ತೈದು ನಿಮಿಷ, ಏನೂ ಕೇಳಿಸಲಿಲ್ಲ. ಒಂದು ಹಿಮ್ಮಡಿಯೂ ಉಜ್ಜಲಿಲ್ಲ. ನಲವತ್ತು ವರ್ಷ ಅವನನ್ನು ಸಾಕಿದ ಕಿವಿ ಈ ಹೊತ್ತಿಗೆ ಕೈಕೊಟ್ಟಿತು. ನಿದ್ದೆಯೋ ಅಲ್ಲವೋ ಗೊತ್ತಾಗದೆ, ತಡೆಯಲಾರದೆ, ಮೆಟ್ಟಿಲು ಹತ್ತಿ ಪರದೆ ಸರಿಸಿ ಕತ್ತಲಲ್ಲಿ ಹಿಂದಿನ ಗೋಡೆಗೆ ಒರಗಿ ನಿಂತ. ನಾನೂರು ತಲೆಗಳೂ ಮುಂದಕ್ಕೆ ಬಾಗಿದ್ದವು. ಬೆಳ್ಳಿತೆರೆಯ ಮೇಲೆ ಕೆಂಪು ಹಸು, ಅದರ ಮುಂಗಾಲಿಗೆ ಕಟ್ಟಿದ ಕರು.

"ಉಪ್ಪು ಹಾಕೋ ಮಾರಾಯ!" ಎಂದು ಒಬ್ಬ ಹೆಂಗಸು ಕೂಗಿದಳು.

ಲಿಯೋಂದವನು ಅವಳ ಮಾತು ಕೇಳಿಸಿದಂತೆಯೇ ಉಪ್ಪು ಉದುರಿಸಿದ. ಹಸು ನೆಕ್ಕಿತು. ಮಂದಿರವಿಡೀ ಒಂದು ಉಸಿರು ಬಿಟ್ಟಿತು. ಹಾಲು ಇಳಿಯಿತು.

ಕಾಸಿಮೀರನಿಗೆ ಮತ್ತೆ ಕೆಳಗೆ ಹೋಗಲು ಮನಸ್ಸಾಗಲಿಲ್ಲ. ಕಾಲು ನೋಯುತ್ತಿದ್ದರೂ ನಿಂತೇ ನೋಡಿದ. ಚೀಸಿನ ಮುದ್ದೆಯ ಮೇಲೆ ಮೊಣಕಾಲು ಬಂದಾಗ ಮುಂದಿನ ಸಾಲಿನಿಂದ ಅಲ್ರಿಕ್ ತಾತನ ದನಿ ಎದ್ದಿತು. "ಯಾರ್ದೋ ಆ ಮೊಣಕಾಲು? ಭಾರ ಬಿಟ್ಟೇ ಇಲ್ಲ ನೋಡು, ಸೋಮಾರಿ! ನೀರು ಒಳಗೇ ಉಳ್ಕೊಳ್ಳುತ್ತೆ!"

"ಯಾರೋ ಪ್ಯಾರಿಸ್ಸಿನವನಿರ್ಬೇಕು ತಾತ," ಎಂದು ಕಾಸಿಮೀರ್ ಕತ್ತಲಿನಿಂದ ಹೇಳಿದ.

ಸೋಮವಾರ ಬೆಳಿಗ್ಗೆ ಎದುರಿನ ಕೆಫೆಯ ಮೇಜಿನ ಸುತ್ತ ನಾಲ್ವರು ಕೂತರು. ಕಾಸಿಮೀರ್, ಲೆಯೋಂತಿನ್, ಬುನಿಯೋಲ್, ಮತ್ತು ರಾತ್ರಿಯೆಲ್ಲ ನಿದ್ದೆ ಇಲ್ಲದ ಕಣ್ಣಿನ ಲೊಯಿಕ್. ಬುನಿಯೋಲ್ ಚೀಟಿ ತೆಗೆದ.

"ನಿನ್ನೆ ನಾಲ್ಕಾಟದಿಂದ ಐನೂರ ಎಂಬತ್ತು. ಸಂಜೆ ಎರಡಾಟಕ್ಕೆ ನಮ್ಮವರು ಕೆಫೆ ಬಿಟ್ಟು ಬರೋಕಾಗ್ಲಿಲ್ಲ. ಒಟ್ಟು ಸಾವಿರದ ನಾನೂರ ಎಂಬತ್ತು."

ಇಪ್ಪತ್ತು ಕಡಿಮೆ. ಕಾಫಿ ಯಂತ್ರ ಬುಸುಗುಟ್ಟಿತು.

"ಇಪ್ಪತ್ತು ಜನ ಏನ್ ಮಹಾ," ಎಂದ ಬುನಿಯೋಲ್, ಧಣಿಯ ಮುಖ ನೋಡದೆ. "ಬುಧವಾರ ಮೊದಲನೇ ಆಟಕ್ಕೇ ಜಾಗ ಇಲ್ದೆ ಐವತ್ತು ಜನ ವಾಪಸ್ ಹೋಗಿದ್ರು. ಅವ್ರನ್ನೂ ಸೇರ್ಸಿದ್ರೆ..."

"ಹೋದ್ ಚಳಿಗಾಲ ನಿನ್ ಅಳಿಯನ ಚಿತ್ರಕ್ಕೆ ಎಷ್ಟು ಬಂದಿದ್ರು?"

ಬುನಿಯೋಲ್ ಸಕ್ಕರೆ ಕಲಸಿದ. "ಸಾವಿರದ ನಾನೂರ ತೊಂಬತ್ತು."

"ನಾನೇನ್ ಮಾಡ್ದೆ?"

"ಹೊಡೆದ್ರಿ."

"ಅವ್ನು ಏನ್ ಮಾಡ್ದ?"

"ಅತ್ತ. ನಿಮ್ ಖರ್ಚಲ್ಲಿ ವೈನ್ ಕುಡ್ದ. ಈಗ ತುಲೂಸ್‌ನಲ್ಲಿ ಟೈಲ್ಸ್ ಮಾರ್ತಿದಾನೆ. ನನ್ನ ಮಗಳು ನಿಮ್ಮ ಹೆಸರೆತ್ತಿದ್ರೆ ಎದ್ದು ಹೋಗ್ತಾಳೆ."

ಕಾಸಿಮೀರ್ ಕೆಂಪು ಪೆನ್ಸಿಲ್ ತೆಗೆದ. ಒಂದು ಗೀಟು ಎಳೆದರೆ ಅಪ್ಪ ಮತ್ತೆ ಬೆಟ್ಟಕ್ಕೆ ಹೋದ ಹಾಗೆ. ಎಳೆಯದಿದ್ದರೆ ನಲವತ್ತು ವರ್ಷದ ಸೋಮವಾರಗಳಲ್ಲಿ ತಾನು ಅಳಿಸಿದವರೆಲ್ಲ ಈ ಮೇಜಿನ ಸುತ್ತ ಬಂದು ನಿಲ್ಲುತ್ತಾರೆ, ಎಲ್ಲರ ಮುಂದೆ ತುಲೂಸ್‌ನ ಅಳಿಯ. ಕಾಸಿಮೀರ್ ಗೀಟು ಎಳೆದ. ಪೆನ್ಸಿಲಿನ ತುದಿ ಮುರಿಯಿತು.

"ಹುಡುಗನಿಗೆ ಒಂದು ವೈನ್ ಕೊಡ್ರಪ್ಪ," ಎಂದ. ಆಮೇಲೆ, "ನಂಗೂ ಒಂದು," ಎಂದ.

ಲೊಯಿಕ್ ಲೋಟ ಹಿಡಿದ, ಕುಡಿಯಲಿಲ್ಲ. ಲೆಯೋಂತಿನ್ ಹೆಣಿಗೆಯ ಕುಣಿಕೆ ಎಣಿಸುತ್ತಿದ್ದವಳು ತಲೆ ಎತ್ತದೆ ಕೇಳಿದಳು:

"ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಮಂದಿರ ಏನ್ ಮಾಡ್ತಿರುತ್ತೆ?"

"ಏನ್ ಮಾಡುತ್ತೆ? ಖಾಲಿ ಬಿದ್ದಿರುತ್ತೆ. ಮೊದಲ ಆಟ ಎರಡಕ್ಕೆ," ಎಂದ ಬುನಿಯೋಲ್.

"ಬಾಯ್ಲರ್ ಎಷ್ಟು ಹೊತ್ತಿಗೆ ಹೊತ್ತಿಸ್ತಾರೆ?"

"ಎಂಟಕ್ಕೆ. ಇಲ್ದಿದ್ರೆ ಎರಡು ಗಂಟೆಗೆ ಬೆಚ್ಚಗಾಗಲ್ಲವಲ್ಲ ಅತ್ತಿಗೆ."

"ಹಾಗಾದ್ರೆ ಎಂಟರಿಂದ ಎರಡರವರೆಗೆ ಖಾಲಿ ಕುರ್ಚಿಗಳ ಬೆನ್ನು ಕಾಯಿಸ್ತಿದೀರಿ. ಇಷ್ಟು ವರ್ಷದಿಂದ." ಅವಳು ಸೂಜಿ ತಿರುಗಿಸಿದಳು. "ಇವ್ರ ಪಟ್ಟೀಲಿ ಎರಡು ಗಂಟೆ ಆಟದಿಂದ ಶುರು. ಬೆಳಿಗ್ಗೆ ಹತ್ತಕ್ಕೆ ಕಾನೂನೂ ಇಲ್ಲ, ಪೆನ್ಸಿಲೂ ಇಲ್ಲ. ಐದಾಟವೋ ನಾಲ್ಕಾಟವೋ ಅನ್ನೋ ತಂಟೆಯೂ ಇಲ್ಲ, ಕರು ಎಷ್ಟು ಹೊತ್ತು ಬೇಕಾದ್ರೂ ನೆಕ್ಕಿಸ್ಕೊಳ್ಳಲಿ."

ಕಾಸಿಮೀರ್ ಹೆಂಡತಿಯನ್ನು ನೋಡಿದ. ಹದಿನೇಳು ಮಂದಿರದ ಒಡೆಯನಿಗೆ ನಲವತ್ತು ವರ್ಷದಲ್ಲಿ ಹೊಳೆಯದ ಮಾತು ಕಾಲುಚೀಲದ ಹಿಮ್ಮಡಿ ತಿರುಗಿಸುತ್ತ ಅವಳಿಗೆ ಹೊಳೆದದ್ದಕ್ಕೆ ಸಂತೋಷ ಪಡಬೇಕೋ ನಾಚಬೇಕೋ ತಿಳಿಯದೆ, ಎರಡನ್ನೂ ವೈನ್ ಜೊತೆ ನುಂಗಿದ.

"ಆದ್ರೆ ಅತ್ತಿಗೆ, ಹತ್ತು ಗಂಟೆ ಅಂದ್ರೆ ನಮ್ಮವರು ತ್ರಿಪೂ ತಿನ್ನೋ ಹೊತ್ತು," ಎಂದ ಬುನಿಯೋಲ್. "ಸಿನಿಮಾಕ್ಕಾಗಿ ತ್ರಿಪೂ ಬಿಟ್ಟು ಬರೋ ಕಾಂತಾಲಿನವನು ಇನ್ನೂ ಹುಟ್ಟಿಲ್ಲ."

"ತಿಂದು ಬರ್ಲಿ."

"ತಿನ್ನೋದು ಹನ್ನೊಂದಕ್ಕೆ ಮುಗಿಯುತ್ತೆ!"

"ಬೇಗ ತಿನ್ಲಿ. ಕಲೀಲಿ," ಎಂದಳು ಲೆಯೋಂತಿನ್.

ನಮ್ಮವರು ಬೇಗ ತಿನ್ನುವುದನ್ನು ಕಲಿಯಲಿಲ್ಲ. ಮುಂದಿನ ಭಾನುವಾರ ಒಂಬತ್ತೂ ಮುಕ್ಕಾಲಿಗೆ ಜಾಂಸ್ಯಾನ್ ಮಂದಿರದ ಮುಂದೆ ನೂರೈವತ್ತು ಜನ ಸಾಲು ನಿಂತರು. ಸಾಲಿನ ತಲೆಯಲ್ಲಿ ಅಲ್ರಿಕ್ ತಾತ, ಅವನ ಹಿಂದೆ ಮಗ, ಮಗನ ತೋಳಲ್ಲಿ ಬಟ್ಟೆ ಸುತ್ತಿದ ಕಬ್ಬಿಣದ ದೊಡ್ಡ ಪಾತ್ರೆ, ಅದರ ಸಂದಿನಿಂದ ಏಳುತ್ತಿದ್ದ ಹಬೆ. ಅವರ ಹಿಂದೆ ಇನ್ನೂ ನಾಲ್ಕೈದು ಪಾತ್ರೆಗಳು. ಬಾಗಿಲಲ್ಲಿ ಟಾರ್ಚಿನ ಹುಡುಗಿ ಕೈ ಅಡ್ಡ ಹಿಡಿದಿದ್ದಳು.

"ಒಳಗೆ ಊಟ ತರೋ ಹಾಗಿಲ್ಲ ತಾತ. ಕುರ್ಚಿ ಮಖಮಲ್ಲು."

"ಇದು ಊಟ ಅಲ್ಲಮ್ಮ, ತ್ರಿಪೂ," ಎಂದ ತಾತ. "ನಿಮ್ ಧಣೀನ ಕರಿ. ಹೋದ್ ವಾರ ಮೊಣಕಾಲಿನ ವಿಷ್ಯ ಅರ್ಧಕ್ಕೆ ನಿಂತಿದೆ, ಅದ್ನೂ ಮುಗಿಸ್ಬೇಕು."

ಕಾಸಿಮೀರ್ ಬಂದ. ಸಾಲು ನೋಡಿದ, ಪಾತ್ರೆಗಳನ್ನು ನೋಡಿದ. ಗಡಿಯಾರ ನೋಡಿದ, ಅವನ ಮಂದಿರಗಳಲ್ಲಿ ಆಟ ಒಂದು ನಿಮಿಷ ತಡವಾದರೂ ಯಂತ್ರದವನ ಕೆಲಸ ಹೋಗುತ್ತಿತ್ತು. ಮುಚ್ಚಳ ಸ್ವಲ್ಪ ಸರಿಸಿ ಮೂಗು ಹಾಕಿದ.

"ಲವಂಗ ಯಾರು ಹಾಕಿದ್ದು?"

"ನನ್ ಸೊಸೆ," ಎಂದ ತಾತ. "ಯಾಕೆ, ಜಾಸ್ತಿ ಆಯ್ತಾ?"

"ತಿಂದ್ರೆ ತಾನೆ ಹೇಳೋಕಾಗೋದು," ಎಂದ ಕಾಸಿಮೀರ್. ಒಳಗೆ ತಿರುಗಿ, ಮೇಲೆ ಯಂತ್ರದ ಕೋಣೆಯ ಕಡೆ ಮುಖ ಮಾಡಿ ಕೂಗಿದ: "ಶುರು ಮಾಡ್ಬೇಡಪ್ಪೋ! ಜನ ತಿಂತಿದಾರೆ!"

ಆ ದಿನ ಚಿತ್ರ ಶುರುವಾದಾಗ ಹನ್ನೊಂದಾಗಲು ಹತ್ತು ನಿಮಿಷ ಇತ್ತು.